ವಿಲಿಯಂ ಜೇಮ್ಸ್ ಮತ್ತು ಆತ್ಮಗೌರವದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯೊಂದು ನಮ್ಮಲ್ಲುಂಟು. ಹಣದ ವಿಷಯದಲ್ಲಿ ಹಿರಿಯರು ಕಿರಿಯರಿಗೆ ಹೇಳುವ ಬುದ್ಧಿಮಾತಿದು. ಇದೇ ಮಾತನ್ನು ಮನಸ್ಸಿನ ವಿಷಯಕ್ಕೆ ತಿರುಗಿಸಿ, ಅದನ್ನೊಂದು ಭಿನ್ನರಾಶಿಯ ರೂಪದಲ್ಲಿ ಬರೆದಿಟ್ಟ ಮಹನೀಯನೊಬ್ಬನು ಅಮೆರಿಕದಲ್ಲಿ ಆಗಿಹೋದನು. ಮನುಷ್ಯನು ತನಗೆ ತಾನೇ ಕಟ್ಟಿಕೊಳ್ಳುವ ಬೆಲೆ ಯಾವುದರಿಂದ ಏರುತ್ತದೆ, ಯಾವುದರಿಂದ ಇಳಿಯುತ್ತದೆ ಎಂಬ ಪ್ರಶ್ನೆಗೆ ಆತನು ಕೊಟ್ಟ ಉತ್ತರವು ೧೮೯೦ರಲ್ಲಿ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಆತ್ಮಗೌರವದ ವಿಷಯವಾಗಿ ಬರೆಯುವವರು ಆ ಉತ್ತರದಿಂದಲೇ ತಮ್ಮ ಮಾತನ್ನು ಆರಂಭಿಸುವುದು ವಾಡಿಕೆಯಾಗಿದೆ. ಆತನೇ ವಿಲಿಯಂ ಜೇಮ್ಸ್.

ಮನಶ್ಶಾಸ್ತ್ರವನ್ನು ಓದುವ ನಮ್ಮಂಥವರಿಗೆ ಈ ಹೆಸರು ಪಠ್ಯಪುಸ್ತಕದ ಮೊದಲ ಪುಟಗಳಲ್ಲಿಯೇ ಎದುರಾಗುತ್ತದೆ. ಸೂತ್ರವನ್ನು ಬಾಯಿಪಾಠ ಮಾಡುತ್ತೇವೆ, ಉತ್ತರಪತ್ರಿಕೆಯಲ್ಲಿ ಇಳಿಸುತ್ತೇವೆ, ಅಲ್ಲಿಗೆ ಮರೆಯುತ್ತೇವೆ. ಆದರೆ ಸೂತ್ರವನ್ನು ಬರೆದವನ ಬಾಳನ್ನು ಓದಿದ ಮೇಲೆ ಅದರ ಅರ್ಥವು ನನಗೆ ಬೇರೆಯಾಗಿಯೇ ಕಂಡಿತು. ಪರೀಕ್ಷೆಯ ಅಂಕಗಳೇ ತಮ್ಮ ಬೆಲೆಯೆಂದು ತಿಳಿದು ಕುಗ್ಗುವ ಗೆಳೆಯರನ್ನು ನಾವು ಪ್ರತಿವರ್ಷವೂ ನೋಡುತ್ತೇವೆ. ಅಂಥವರಿಗೆ ಜೇಮ್ಸನ ಪುಸ್ತಕಕ್ಕಿಂತ ಆತನ ಜೀವನವೇ ಹೆಚ್ಚು ಹತ್ತಿರವಾಗಬಹುದೆಂಬ ನಂಬಿಕೆಯಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಜೇಮ್ಸನು ೧೮೪೨ನೆಯ ಇಸವಿ ಜನವರಿ ೧೧ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ಐರ್ಲೆಂಡಿನಿಂದ ವಲಸೆ ಬಂದ ಅಜ್ಜನು ವ್ಯಾಪಾರದಲ್ಲಿ ಅಪಾರ ಹಣ ಗಳಿಸಿದ್ದನು. ತಂದೆಯ ಹೆಸರು ಹೆನ್ರಿ ಜೇಮ್ಸ್. ಹುಡುಗನಾಗಿದ್ದಾಗ ಬೆಂಕಿಯ ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡ ಈತನು ದುಡಿಯುವ ಅಗತ್ಯವಿಲ್ಲದೆ, ದೇವರು ಧರ್ಮಗಳ ಚಿಂತನೆಯಲ್ಲಿಯೇ ಆಯುಷ್ಯವನ್ನು ಕಳೆದನು. ಐವರು ಮಕ್ಕಳಲ್ಲಿ ವಿಲಿಯಂ ಹಿರಿಯನು. ಒಂದು ವರ್ಷ ಕಿರಿಯನಾದ ಹೆನ್ರಿಯು ಮುಂದೆ ಜಗತ್ಪ್ರಸಿದ್ಧ ಕಾದಂಬರಿಕಾರನಾದನು. ಮಕ್ಕಳಿಗೆ ಅತ್ಯುತ್ತಮ ವಿದ್ಯೆಯನ್ನು ಕೊಡಿಸಬೇಕೆಂಬುದು ತಂದೆಯ ಹಂಬಲ. ಆದರೆ ಯಾವ ಶಾಲೆಯೂ ಆತನಿಗೆ ಬಹುದಿನ ಹಿಡಿಸುತ್ತಿರಲಿಲ್ಲ. ನ್ಯೂಯಾರ್ಕಿನಿಂದ ಲಂಡನ್ನಿಗೆ, ಅಲ್ಲಿಂದ ಪ್ಯಾರಿಸ್ಸಿಗೆ, ಜಿನೀವಕ್ಕೆ, ಬಾನ್ ನಗರಕ್ಕೆ ಎಂದು ಸಂಸಾರವೆಲ್ಲ ಅಲೆಯಿತು. ಇದರಿಂದ ವಿಲಿಯಮನಿಗೆ ಫ್ರೆಂಚ್ ಬಂತು, ಜರ್ಮನ್ ಬಂತು, ಎಲ್ಲ ವಿಷಯಗಳ ರುಚಿಯೂ ಹತ್ತಿತು. ತಾನು ಏನಾಗಬೇಕೆಂಬುದು ಮಾತ್ರ ತಿಳಿಯಲಿಲ್ಲ.

ಮೊದಲು ಆತನು ಚಿತ್ರಕಾರನಾಗಬೇಕೆಂದು ಬಯಸಿದನು. ತಂದೆಗೆ ಇದು ಸೇರಲಿಲ್ಲ. ಆದರೂ ೧೮೬೦ರಲ್ಲಿ ನ್ಯೂಪೋರ್ಟಿನಲ್ಲಿ ವಿಲಿಯಂ ಮಾರಿಸ್ ಹಂಟ್ ಎಂಬ ಕಲಾವಿದನ ಬಳಿ ಅಭ್ಯಾಸಕ್ಕೆ ಸೇರಿದನು. ಆತನ ಕೈಯಲ್ಲಿ ಚೆಲುವಾದ ರೇಖೆ ಇತ್ತು. ಆದರೆ ಕೆಟ್ಟ ಚಿತ್ರಕಾರನಾಗಿ ಬಾಳುವುದಕ್ಕಿಂತ ಶೋಚನೀಯವಾದುದು ಬೇರೊಂದಿಲ್ಲವೆಂಬ ಭಯವೂ ಮನಸ್ಸಿನಲ್ಲಿತ್ತು. ಒಂದು ವರ್ಷದೊಳಗೆ ಕುಂಚವನ್ನು ಕೆಳಗಿಟ್ಟನು. ೧೮೬೧ರಲ್ಲಿ ಹಾರ್ವರ್ಡಿನ ವಿಜ್ಞಾನ ಶಾಲೆಯನ್ನು ಸೇರಿ ಚಾರ್ಲ್ಸ್ ಎಲಿಯಟ್ಟನ ಕೈಕೆಳಗೆ ರಸಾಯನಶಾಸ್ತ್ರ ಕಲಿಯತೊಡಗಿದನು. ಅದೂ ಬೇಸರವಾಯಿತು. ೧೮೬೪ರಲ್ಲಿ ವೈದ್ಯಶಾಲೆಗೆ ಸೇರಿದನು. ಮರುವರ್ಷ ಅದನ್ನು ನಡುವೆಯೇ ನಿಲ್ಲಿಸಿ, ಲೂಯಿ ಆಗಸೀ ಎಂಬ ಪ್ರಖ್ಯಾತ ಪ್ರಾಣಿಶಾಸ್ತ್ರಜ್ಞನ ತಂಡದೊಡನೆ ಬ್ರೆಜಿಲ್ ದೇಶದ ಅಮೆಜಾನ್ ನದಿಗೆ ಹೊರಟನು. ಅಲ್ಲಿ ಸಿಡುಬಿನಂಥ ಕಾಯಿಲೆ ಬಿದ್ದು, ಕೆಲಕಾಲ ಕಣ್ಣು ಕಾಣದೆ ನರಳಿದನು. ಮೀನುಗಳನ್ನು ಹಿಡಿದು ಪೀಪಾಯಿಗಳಲ್ಲಿ ತುಂಬುವ ಕೆಲಸ ತನ್ನದಲ್ಲವೆಂದು ಅಲ್ಲಿಯೇ ಮನಗಂಡನು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ನಡೆದಿತ್ತು. ಜೇಮ್ಸನ ಇಬ್ಬರು ಕಿರಿಯ ತಮ್ಮಂದಿರು ಸೈನ್ಯವನ್ನು ಸೇರಿದರು. ಅವರಲ್ಲಿ ವಿಲ್ಕಿ ಎಂಬುವನು ಕರಿಯರ ಪಡೆಯೊಂದರಲ್ಲಿ ಅಧಿಕಾರಿಯಾಗಿ, ೧೮೬೩ರಲ್ಲಿ ವ್ಯಾಗ್ನರ್ ಕೋಟೆಯ ಮುತ್ತಿಗೆಯಲ್ಲಿ ಗಾಯಗೊಂಡು ಮನೆಗೆ ಬಂದನು. ಹಿರಿಯನಾದ ವಿಲಿಯಂ ಪುಸ್ತಕಗಳ ನಡುವೆಯೇ ಉಳಿದಿದ್ದನು. ತಮ್ಮಂದಿರು ಪ್ರಾಣವನ್ನು ಪಣವಾಗಿಟ್ಟಾಗ ತಾನು ಯಾವ ಪಣವನ್ನೂ ಇಡಲಿಲ್ಲವಲ್ಲ ಎಂಬುದು ಸೂಕ್ಷ್ಮ ಮನಸ್ಸಿನವನಿಗೆ ಹಗುರವಾದ ಸಂಗತಿಯಾಗಿರಲಾರದು. ೧೮೯೭ರಲ್ಲಿ ಬಾಸ್ಟನ್ ನಗರದಲ್ಲಿ ಆ ಪಡೆಯ ನಾಯಕನ ಸ್ಮಾರಕವನ್ನು ಅನಾವರಣಗೊಳಿಸಿದಾಗ ಭಾಷಣ ಮಾಡಿದವನು ಇದೇ ವಿಲಿಯಂ ಎಂಬುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ.

ಬ್ರೆಜಿಲಿನಿಂದ ಹಿಂದಿರುಗಿದ ಮೇಲೆ ಬೆನ್ನುನೋವು, ಕಣ್ಣಿನ ಬಳಲಿಕೆ, ನಿದ್ರಾಹೀನತೆಗಳು ಆತನನ್ನು ಕಾಡತೊಡಗಿದವು. ಚಿಕಿತ್ಸೆಗೆಂದೂ ವ್ಯಾಸಂಗಕ್ಕೆಂದೂ ೧೮೬೭ರಲ್ಲಿ ಜರ್ಮನಿಗೆ ಹೋದನು. ಅಲ್ಲಿ ಶರೀರಶಾಸ್ತ್ರವು ಮನಶ್ಶಾಸ್ತ್ರದ ಹೊಸ್ತಿಲಿಗೆ ಬಂದು ನಿಂತಿರುವುದನ್ನು ಕಂಡನು. ಆದರೆ ಒಳಗಿನ ಕತ್ತಲೆ ಕಳೆಯಲಿಲ್ಲ; ಪ್ರಾಣವನ್ನೇ ನೀಗಿಕೊಳ್ಳುವ ಆಲೋಚನೆಯೂ ಬಂದುಹೋಯಿತು. ೧೮೬೯ರಲ್ಲಿ ವೈದ್ಯ ಪದವಿ ಪಡೆದನಾದರೂ ಒಂದು ದಿನವೂ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ. ಇಪ್ಪತ್ತೇಳು ವರ್ಷ ವಯಸ್ಸು; ತಂದೆಯ ಮನೆ, ತಂದೆಯ ಅನ್ನ; ಚಿತ್ರಕಾರನಲ್ಲ, ರಸಾಯನಶಾಸ್ತ್ರಜ್ಞನಲ್ಲ, ಪ್ರಾಣಿಶಾಸ್ತ್ರಜ್ಞನಲ್ಲ, ಹೆಸರಿಗೆ ಮಾತ್ರ ವೈದ್ಯ. ಈ ದಿನಗಳಲ್ಲೊಮ್ಮೆ, ಹಿಂದೆ ಆಸ್ಪತ್ರೆಯಲ್ಲಿ ಕಂಡಿದ್ದ ಬುದ್ಧಿಹೀನ ರೋಗಿಯೊಬ್ಬನ ಆಕೃತಿ ಥಟ್ಟನೆ ಕಣ್ಣ ಮುಂದೆ ನಿಂತು, ತಾನೂ ಹಾಗೆಯೇ ಆಗಬಹುದೆಂಬ ಭೀತಿ ಆತನನ್ನು ನಡುಗಿಸಿತು. ಮುಂದೆ ಒಂದು ಗ್ರಂಥದಲ್ಲಿ ಈ ಅನುಭವವನ್ನು ಯಾರೋ ಫ್ರೆಂಚ್ ಗೃಹಸ್ಥನದೆಂದು ಮರೆಸಿ ಬರೆದನು. ಅದು ಆತನದೇ ಎಂಬುದು ಆಮೇಲೆ ತಿಳಿದುಬಂದಿತು.

ಈ ಕತ್ತಲೆಯಿಂದ ಆತನು ಮೇಲೆ ಬಂದ ಬಗೆಯನ್ನು ನಾವು ಗಮನವಿಟ್ಟು ನೋಡಬೇಕು. ೧೮೭೦ರ ಏಪ್ರಿಲ್ ೩೦ರಂದು ಆತನು ದಿನಚರಿಯಲ್ಲಿ ಒಂದು ನಿರ್ಧಾರವನ್ನು ಬರೆದಿಟ್ಟನು. ಫ್ರೆಂಚ್ ತತ್ತ್ವಜ್ಞಾನಿ ರೆನೂವಿಯೇ ಬರೆದುದನ್ನು ಓದಿ, ಹತ್ತಾರು ಯೋಚನೆಗಳು ಸಾಧ್ಯವಿರುವಾಗ ಒಂದನ್ನೇ ಆರಿಸಿ ಹಿಡಿದು ನಿಲ್ಲಿಸುವ ಶಕ್ತಿ ಮನುಷ್ಯನಿಗೆ ಉಂಟೆಂದು ಒಪ್ಪಿಕೊಂಡನು. ಮನುಷ್ಯನ ಇಚ್ಛೆಯು ಸ್ವತಂತ್ರವೆಂದು ನಂಬುವುದೇ ತನ್ನ ಸ್ವತಂತ್ರ ಇಚ್ಛೆಯ ಮೊದಲ ಕಾರ್ಯವೆಂದು ನಿಶ್ಚಯಿಸಿದನು. ಇದರಿಂದ ರೋಗವು ಮಾಯವಾಯಿತೆಂದು ತಿಳಿಯಬಾರದು. ಇನ್ನೂ ಎರಡು ವರ್ಷ ಆತನು ಏಳುತ್ತ ಬೀಳುತ್ತ ಇದ್ದನು. ೧೮೭೨ರಲ್ಲಿ, ಒಂದು ಕಾಲದ ಗುರುವೂ ಆಗ ಹಾರ್ವರ್ಡಿನ ಅಧ್ಯಕ್ಷನೂ ಆಗಿದ್ದ ಎಲಿಯಟ್ಟನು ಶರೀರಶಾಸ್ತ್ರವನ್ನು ಬೋಧಿಸುವ ಕೆಲಸಕ್ಕೆ ಆತನನ್ನು ಕರೆದನು. ೧೮೭೩ರ ಜನವರಿಯಲ್ಲಿ ಪಾಠ ಆರಂಭವಾಯಿತು. ದೊಡ್ಡ ಹುದ್ದೆಯೇನಲ್ಲ. ಆದರೆ ನಿಯಮಿತವಾದ ಕೆಲಸ, ಎದುರಿಗೆ ಕುಳಿತ ವಿದ್ಯಾರ್ಥಿಗಳು, ನಾಳೆಗೆ ಸಿದ್ಧಮಾಡಬೇಕಾದ ಪಾಠ ಇವು ಆತನನ್ನು ತನ್ನ ಮೇಲಿನ ಚಿಂತೆಯಿಂದ ಹೊರಗೆಳೆದವು. ನಂಬಿಕೆ ಬಾಗಿಲು ತೆರೆಯಿತು. ಕೆಲಸವು ಕೈಹಿಡಿದು ಹೊರಗೆ ನಡೆಸಿತು.

ಮುಂದಿನದು ಏರುಗತಿ. ೧೮೭೫ರಲ್ಲಿ ಮನಶ್ಶಾಸ್ತ್ರದ ಪಾಠವನ್ನು ಆರಂಭಿಸಿದನು. ಪ್ರಯೋಗಗಳನ್ನು ತೋರಿಸಲು ಸಣ್ಣದೊಂದು ಪ್ರಯೋಗಶಾಲೆಯನ್ನೂ ಏರ್ಪಡಿಸಿದನು. ೧೮೭೮ರಲ್ಲಿ ಆಲಿಸ್ ಗಿಬ್ಬೆನ್ಸ್ ಎಂಬ ಶಾಲಾ ಉಪಾಧ್ಯಾಯಿನಿಯನ್ನು ಮದುವೆಯಾದನು. ಅದೇ ವರ್ಷ ಹೆನ್ರಿ ಹೋಲ್ಟ್ ಎಂಬ ಪ್ರಕಾಶಕನಿಗೆ ಎರಡು ವರ್ಷಗಳಲ್ಲಿ ಮನಶ್ಶಾಸ್ತ್ರದ ಪುಸ್ತಕವೊಂದನ್ನು ಬರೆದುಕೊಡಲು ಒಪ್ಪಿದನು. ಎರಡು ವರ್ಷದ ಕೆಲಸಕ್ಕೆ ಹನ್ನೆರಡು ವರ್ಷ ಹಿಡಿಯಿತು! ೧೮೯೦ರಲ್ಲಿ ಎರಡು ಸಂಪುಟಗಳಲ್ಲಿ, ಸುಮಾರು ೧೪೦೦ ಪುಟಗಳ ‘ಮನಶ್ಶಾಸ್ತ್ರದ ತತ್ತ್ವಗಳು’ ಹೊರಬಿತ್ತು. ಹಸ್ತಪ್ರತಿಯನ್ನು ಕಳುಹಿಸುವಾಗ ಆತನು ತನ್ನ ಪುಸ್ತಕವನ್ನೂ ತನ್ನ ಯೋಗ್ಯತೆಯನ್ನೂ ಪ್ರಕಾಶಕನ ಮುಂದೆ ಹಳಿದುಕೊಂಡನಂತೆ. ಲೋಕವು ಮಾತ್ರ ಅದನ್ನು ಮಹಾಗ್ರಂಥವೆಂದು ತಲೆಯ ಮೇಲೆ ಹೊತ್ತುಕೊಂಡಿತು.

ಆ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ನಮ್ಮ ಸೂತ್ರವಿದೆ. ಮನುಷ್ಯನ ಸಾಧನೆಯನ್ನು ಅಂಶವಾಗಿಯೂ ಆತನ ಆಕಾಂಕ್ಷೆಯನ್ನು ಛೇದವಾಗಿಯೂ ಇಟ್ಟು ಭಾಗಿಸಿದರೆ ಬರುವ ಲಬ್ಧವೇ ಆತ್ಮಗೌರವ. ಇಲ್ಲಿ ಆಕಾಂಕ್ಷೆಯೆಂದರೆ ಬರಿಯ ಆಸೆಯಲ್ಲ. ನಾನು ಇದೇ ಆಗಬೇಕು, ಇದಾಗದಿದ್ದರೆ ನಾನು ನಾನಲ್ಲ ಎಂದು ಮನುಷ್ಯನು ಕಟ್ಟುವ ಪಣ. ಜೇಮ್ಸನು ತನ್ನನ್ನೇ ಉದಾಹರಣೆಯಾಗಿ ಒಡ್ಡಿಕೊಂಡನು. ತಾನು ಮನಶ್ಶಾಸ್ತ್ರದಲ್ಲಿ ಪಣ ಕಟ್ಟಿದವನಾದ್ದರಿಂದ ಬೇರೆಯವರು ಅದರಲ್ಲಿ ತನ್ನನ್ನು ಮೀರಿಸಿದರೆ ನೋವಾಗುತ್ತದೆ. ಗ್ರೀಕ್ ಭಾಷೆಯಲ್ಲಿ ತಾನು ಎಷ್ಟೇ ಅಜ್ಞಾನಿಯಾಗಿದ್ದರೂ ನಾಚಿಕೆಯಾಗುವುದಿಲ್ಲ ಎಂದನು. ನಮ್ಮಲ್ಲಿಯೇ ನೋಡಬಹುದು. ಮೊದಲ ರ‍್ಯಾಂಕಿಗೆ ಪಣ ಕಟ್ಟಿ ಎರಡನೆಯದನ್ನು ಪಡೆದವನು ಊಟ ಬಿಟ್ಟು ಮಲಗುತ್ತಾನೆ. ತೇರ್ಗಡೆಯಾದರೆ ಸಾಕೆಂದಿದ್ದವನು ಅದೇ ಸಂಜೆ ಗೆಳೆಯರಿಗೆ ಕಾಫಿ ಕುಡಿಸುತ್ತಾನೆ. ಅಂಕಗಳನ್ನು ನೋಡಿದರೆ ಮೊದಲನೆಯವನು ಮೇಲು. ಲಬ್ಧವನ್ನು ನೋಡಿದರೆ ಎರಡನೆಯವನು ಮೇಲು. ಈ ವಿಪರೀತಕ್ಕೆ ಛೇದವೇ ಕಾರಣ.

ಭಿನ್ನರಾಶಿಯ ಬೆಲೆಯನ್ನು ಹೆಚ್ಚಿಸಲು ಎರಡು ದಾರಿಗಳುಂಟು: ಅಂಶವನ್ನು ಹೆಚ್ಚಿಸುವುದು, ಇಲ್ಲವೆ ಛೇದವನ್ನು ಕಡಿಮೆ ಮಾಡುವುದು. ಒಂದು ಹಂಬಲವನ್ನು ಬಿಟ್ಟುಕೊಡುವುದರಲ್ಲಿಯೂ ಅದನ್ನು ಪಡೆಯುವಷ್ಟೇ ಹಗುರವೂ ನೆಮ್ಮದಿಯೂ ಉಂಟೆಂದು ಜೇಮ್ಸನು ಬರೆದನು. ಇದು ಬರಿಯ ಪಂಡಿತನ ಮಾತಲ್ಲ. ಚಿತ್ರಕಲೆಯನ್ನು ಬಿಟ್ಟವನು, ಅಮೆಜಾನಿನ ಮೀನುಗಳನ್ನು ಬಿಟ್ಟವನು, ವೈದ್ಯನ ಚೀಲವನ್ನು ಮುಟ್ಟದೆ ಬಿಟ್ಟವನು ಹೇಳಿದ ಮಾತು. ಒಬ್ಬ ಮನುಷ್ಯನೊಳಗೆ ಹತ್ತು ಮಂದಿ ಆಗಬಹುದಾದ ಮನುಷ್ಯರು ಕಾದು ನಿಂತಿರುತ್ತಾರೆ; ಒಬ್ಬನನ್ನು ಆರಿಸಿಕೊಂಡರೆ ಉಳಿದವರನ್ನು ಕಳುಹಿಸಿಕೊಡಬೇಕಾಗುತ್ತದೆ. ಹಾಗೆ ಕಳುಹಿಸಿಕೊಡದೆ ಎಲ್ಲರನ್ನೂ ಮನೆಯಲ್ಲಿಟ್ಟುಕೊಂಡಷ್ಟು ಕಾಲ ಜೇಮ್ಸನು ರೋಗಿಯಾಗಿದ್ದನೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹಾಗಾದರೆ ಆಸೆಯನ್ನು ಮೊಟಕುಮಾಡಿಕೊಳ್ಳುವುದೇ ಸುಖದ ಗುಟ್ಟೇ? ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹಳ್ಳಿಯ ಹುಡುಗನಿಗೆ, ಹುಡುಗಿಗೆ, ನಿನ್ನ ಛೇದವನ್ನು ಇಳಿಸಿಕೊ ಎಂದರೆ ಅದು ಉಪದೇಶವಲ್ಲ, ಅನ್ಯಾಯ. ಹಾಸಿಗೆ ಚಿಕ್ಕದೆಂದು ಕಾಲು ಮಡಚುವುದನ್ನೇ ಕಲಿಸಿದರೆ, ದೊಡ್ಡ ಹಾಸಿಗೆಯನ್ನು ನೇಯುವವರು ಯಾರು? ಜೇಮ್ಸನು ಇದನ್ನು ಅರಿಯದವನಲ್ಲ. ೧೯೦೬ರ ಡಿಸೆಂಬರಿನಲ್ಲಿ ತತ್ತ್ವಜ್ಞಾನಿಗಳ ಸಂಘದಲ್ಲಿ ಮಾತನಾಡುತ್ತ, ಮನುಷ್ಯರಲ್ಲಿ ಬಹುಮಂದಿ ತಮ್ಮ ಶಕ್ತಿಯ ಸಣ್ಣ ಭಾಗವನ್ನು ಮಾತ್ರ ಬಳಸಿ ಬಾಳುತ್ತಾರೆಂದೂ, ದಣಿವಿನ ಮೊದಲ ಗೆರೆಯನ್ನು ದಾಟಿದರೆ ಎರಡನೆಯ ಉಸಿರು ಕಾದಿರುತ್ತದೆಂದೂ ಆತನು ವಾದಿಸಿದನು. ಎರಡನ್ನೂ ಕೂಡಿಸಿ ಓದಬೇಕು. ಯಾವ ಪಣವು ನನ್ನದಲ್ಲವೋ, ನೆರೆಹೊರೆಯವರ ಕಣ್ಣಿಗಾಗಿ ನಾನು ಹೊತ್ತುಕೊಂಡದ್ದೋ ಅದನ್ನು ಇಳಿಸಬೇಕು. ಯಾವುದು ನನ್ನದೋ ಅದಕ್ಕಾಗಿ ದುಡಿದು ಅಂಶವನ್ನು ಬೆಳೆಸಬೇಕು. ಇದೇ ಆತನ ಬಾಳಿನ ಪಾಠವೆಂದು ನಾನು ತಿಳಿದಿದ್ದೇನೆ.

ಸೂತ್ರವನ್ನು ಬರೆದವನು ಸೂತ್ರವನ್ನು ಮೀರಿದವನಾಗಿರಲಿಲ್ಲ. ೧೯೦೫ರಲ್ಲಿ ಅಮೆರಿಕದ ಕಲೆ ಮತ್ತು ಸಾಹಿತ್ಯಗಳ ಅಕಾಡೆಮಿಗೆ ಆತನನ್ನು ಆರಿಸಿದರು. ತಮ್ಮನಾದ ಹೆನ್ರಿಯು ಕೆಲವು ತಿಂಗಳ ಮೊದಲೇ ಆರಿಸಲ್ಪಟ್ಟಿದ್ದನು. ವಿಲಿಯಂ ಸದಸ್ಯತ್ವವನ್ನು ನಿರಾಕರಿಸಿದನು. ಕಾರಣಗಳಲ್ಲಿ ಒಂದಾಗಿ, ತನಗಿಂತ ಕಿರಿಯನೂ ಹೆಚ್ಚು ಗರ್ವಿಷ್ಠನೂ ಆದ ತಮ್ಮನು ಆಗಲೇ ಅಲ್ಲಿರುವುದನ್ನು ಅರ್ಧ ವಿನೋದವಾಗಿ ಸೇರಿಸಿದನು. ವಿನೋದವೇ ಇರಬಹುದು, ಆದರೂ ಅರವತ್ತು ದಾಟಿದ ಲೋಕಪ್ರಸಿದ್ಧ ಪಂಡಿತನ ಎದೆಯಲ್ಲಿಯೂ ತಮ್ಮನಿಗಿಂತ ಹಿಂದಾದೆನೆಂಬ ಮುಳ್ಳು ಆಡುತ್ತಿತ್ತೆಂದರೆ, ನಮ್ಮ ಸಣ್ಣ ಮತ್ಸರಗಳ ಬಗೆಗೆ ನಾವು ತೀರ ಹತಾಶರಾಗಬೇಕಾಗಿಲ್ಲ.

ಸೂತ್ರದಲ್ಲಿ ಅಡಗದ ಸಂಗತಿಯೂ ಒಂದಿದೆ. ೧೮೯೦ರಲ್ಲಿ ಮೇರಿ ವಿಟನ್ ಕಾಲ್ಕಿನ್ಸ್ ಎಂಬ ಅಧ್ಯಾಪಕಿಯು ಜೇಮ್ಸನ ಪಾಠಕ್ಕೆ ಬರಲು ಬಯಸಿದಳು. ಹಾರ್ವರ್ಡ್ ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ವಿಶೇಷ ಅಪ್ಪಣೆಯಿಂದ ಮಾತ್ರ ಕುಳಿತು ಕೇಳಬಹುದಾಗಿತ್ತು. ತರಗತಿಯಲ್ಲಿದ್ದ ಉಳಿದವರು ಬಿಟ್ಟುಹೋದಾಗ, ಜೇಮ್ಸನು ತನ್ನ ಗ್ರಂಥಾಲಯದ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಆಕೆಯೊಬ್ಬಳಿಗೇ ಪಾಠ ಹೇಳಿದನು. ೧೮೯೫ರಲ್ಲಿ ಆಕೆಯು ಡಾಕ್ಟರೇಟಿಗೆ ಬೇಕಾದುದೆಲ್ಲವನ್ನೂ ಪೂರೈಸಿ, ಪರೀಕ್ಷಕರ ಮೆಚ್ಚುಗೆಯನ್ನು ಗಳಿಸಿದಳು. ಪದವಿಯನ್ನು ಮಾತ್ರ ಹಾರ್ವರ್ಡ್ ಕೊಡಲಿಲ್ಲ. ೧೯೦೨ರಲ್ಲಿ ಅದರ ಸೋದರಿ ಕಾಲೇಜಾದ ರ‍್ಯಾಡ್‌ಕ್ಲಿಫಿನ ಹೆಸರಿನಲ್ಲಿ ಕೊಡಲು ಮುಂದೆ ಬಂದಾಗ ಆಕೆಯು ಬೇಡವೆಂದಳು. ೧೯೦೫ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷಸ್ಥಾನಕ್ಕೆ ಬಂದ ಮೊದಲ ಮಹಿಳೆ ಈಕೆಯೇ. ಈಕೆಯ ಅಂಶವೂ ದೊಡ್ಡದು, ಛೇದವೂ ನ್ಯಾಯವಾದುದು; ಅಡ್ಡವಾಗಿ ನಿಂತದ್ದು ಮುಚ್ಚಿದ ಬಾಗಿಲು. ಇಂಥ ಕಡೆ ಕುಗ್ಗಿದವರಿಗೆ ಮನಸ್ಸನ್ನು ತಿದ್ದಿಕೊಳ್ಳಿರೆಂದು ಹೇಳಿದರೆ ಸಾಲದು, ಬಾಗಿಲನ್ನು ತೆರೆಯಬೇಕು. ಸೂತ್ರವನ್ನು ಬರೆದ ಜೇಮ್ಸನಿಗಿಂತ, ಕುರ್ಚಿಯನ್ನು ಬೆಂಕಿಯ ಬಳಿಗೆ ಎಳೆದು ಪಾಠ ಹೇಳಿದ ಜೇಮ್ಸನು ನನಗೆ ದೊಡ್ಡವನಾಗಿ ಕಾಣುತ್ತಾನೆ.

ಆತನ ತರುವಾಯ ಈ ವಿಷಯವು ಬಹಳ ಬೆಳೆದಿದೆ. ೧೯೬೫ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞನು ಹತ್ತು ಹೇಳಿಕೆಗಳ ಅಳತೆಗೋಲೊಂದನ್ನು ಪ್ರಕಟಿಸಿದನು. ಅದು ಇಂದಿಗೂ ಬಳಕೆಯಲ್ಲಿದೆ. ಮಕ್ಕಳ ಆತ್ಮಗೌರವವನ್ನು ಹೇಗಾದರೂ ಮಾಡಿ ಉಬ್ಬಿಸಿದರೆ ಅವರು ಚೆನ್ನಾಗಿ ಓದುತ್ತಾರೆಂಬ ನಂಬಿಕೆ ಅಮೆರಿಕದಲ್ಲಿ ಕೆಲಕಾಲ ಹಬ್ಬಿತ್ತು. ೨೦೦೩ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅದುವರೆಗಿನ ಸಂಶೋಧನೆಗಳನ್ನೆಲ್ಲ ಜಾಲಿಸಿ ನೋಡಿ, ಆತ್ಮಗೌರವವು ಒಳ್ಳೆಯ ವ್ಯಾಸಂಗಕ್ಕೆ ಕಾರಣವಾಗುವುದಕ್ಕಿಂತ ಒಂದು ಮಟ್ಟಿಗೆ ಅದರ ಫಲವಾಗಿರುತ್ತದೆಂದು ತೋರಿಸಿದರು. ಪಾಠಕ್ಕೆ ಹೋಗಿ ನಿಂತು ಚೇತರಿಸಿಕೊಂಡ ಜೇಮ್ಸನ ಅನುಭವಕ್ಕೆ ಇದು ಹೊಂದಿಕೊಳ್ಳುತ್ತದೆ. ಆದರೆ ಆತನು ಇನ್ನೊಂದು ಮಾತನ್ನೂ ಹೇಳಿದ್ದನು. ಪ್ರತಿಯೊಬ್ಬನಲ್ಲಿಯೂ ಸೋಲುಗೆಲುವುಗಳಿಗೆ ಸಂಬಂಧವಿಲ್ಲದ, ಹುಟ್ಟಿನಿಂದಲೋ ಶರೀರಸ್ಥಿತಿಯಿಂದಲೋ ಬಂದ ಒಂದು ಮೂಲಶ್ರುತಿ ಇರುತ್ತದೆ. ಎಲ್ಲ ಪಡೆದವನೂ ಕುಗ್ಗಿರಬಹುದು, ಏನೂ ಇಲ್ಲದವನೂ ಹಿಗ್ಗಿರಬಹುದು ಎಂದು. ಆದುದರಿಂದ ಕಾರಣವಿಲ್ಲದೆ ಮಂಕಾಗಿರುವ ಗೆಳೆಯನನ್ನು ಸೋಮಾರಿಯೆಂದು ಹಳಿಯುವ ಮೊದಲು ನಾವು ಎರಡು ಬಾರಿ ಯೋಚಿಸಬೇಕು. ಆತನಿಗೆ ಬೇಕಾದುದು ಬುದ್ಧಿವಾದವಲ್ಲ, ಜೊತೆಗಾರರು, ಕೆಲವೊಮ್ಮೆ ವೈದ್ಯರು.

೧೮೯೮ರಲ್ಲಿ ಬೆಟ್ಟ ಹತ್ತುವಾಗ ಆದ ಆಯಾಸದಿಂದ ಜೇಮ್ಸನ ಹೃದಯವು ದುರ್ಬಲವಾಯಿತು. ಆದರೂ ೧೯೦೧ ಮತ್ತು ೧೯೦೨ರಲ್ಲಿ ಎಡಿನ್‌ಬರೋದಲ್ಲಿ ಧಾರ್ಮಿಕ ಅನುಭವಗಳ ಮೇಲೆ ಉಪನ್ಯಾಸಮಾಲೆಯನ್ನು ಕೊಟ್ಟನು. ಅದರ ಗ್ರಂಥರೂಪದಲ್ಲಿ ಸ್ವಾಮಿ ವಿವೇಕಾನಂದರ ರಾಜಯೋಗದ ಉಲ್ಲೇಖವನ್ನು ಕಂಡಾಗ ನಮಗೆ ಹೆಮ್ಮೆಯಾಗುತ್ತದೆ. ೧೯೦೭ರಲ್ಲಿ ಅಧ್ಯಾಪಕವೃತ್ತಿಯಿಂದ ನಿವೃತ್ತನಾಗಿ, ೧೯೧೦ರ ಆಗಸ್ಟ್ ೨೬ರಂದು ನ್ಯೂಹ್ಯಾಂಪ್‌ಶೈರಿನ ಚೊಕೊರುವಾ ಎಂಬಲ್ಲಿಯ ತನ್ನ ಬೇಸಗೆಯ ಮನೆಯಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಯಾವ ತಮ್ಮನನ್ನು ಕಂಡು ಕರುಬಿದನೋ ಆ ಹೆನ್ರಿಯೇ ಆ ದಿನಗಳಲ್ಲಿ ಜೊತೆಯಲ್ಲಿದ್ದನು.

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಜೇಮ್ಸನನ್ನು ಯಾರಾದರೂ ಅಳೆದಿದ್ದರೆ ಲಬ್ಧವು ಸೊನ್ನೆಯೆಂದೇ ಬರೆಯುತ್ತಿದ್ದರು. ಲೆಕ್ಕವನ್ನು ಅಲ್ಲಿಗೇ ಮುಗಿಸದೆ ಆತನು ಇನ್ನೊಂದು ದಿನ, ಇನ್ನೊಂದು ವರ್ಷ ಮುಂದುವರಿಸಿದನು. ಅಷ್ಟರಲ್ಲಿ ಎಲಿಯಟ್ಟನಂಥವನೊಬ್ಬನು ಕರೆದನು. ನಮ್ಮ ಅಧ್ಯಾಪಕರಲ್ಲಿ ನಾನು ವಿನಯದಿಂದ ಅರಿಕೆ ಮಾಡುವುದಿಷ್ಟೆ: ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತವನನ್ನು ಒಮ್ಮೆ ಹೆಸರು ಹಿಡಿದು ಕರೆಯಿರಿ. ಸಹಪಾಠಿಗಳಿಗೆ ಹೇಳುವುದೂ ಇಷ್ಟೇ: ಫಲಿತಾಂಶದ ಹಲಗೆಯ ಮೇಲೆ ಬರೆಯುವುದು ಅಂಶವನ್ನು ಮಾತ್ರ, ಅದೂ ಒಂದು ವರ್ಷದ್ದು. ಛೇದವನ್ನು ಬರೆಯುವ ಸೀಮೆಸುಣ್ಣ ನಮ್ಮ ಕೈಯಲ್ಲಿಯೇ ಇದೆ.